ಅವ್ವ ದೊಣೆ ತೊಳೆದದ್ದು

ನಮ್ಮ ಅವ್ವನ ಲೆಕ್ಕದಲ್ಲಿ ಈ ಭೂಮಿಯ ಮೇಲೆ ಎರಡೇ ಜಾತಿಯ ಜೀವಿಗಳಿವೆ. ಒಂದು ರೇಷ್ಮೆ ಹುಳ, ಇನ್ನೊಂದು ರೇಷ್ಮೆ ಹುಳಕ್ಕೆ ತೊಂದರೆ ಕೊಡುವಂಥವು. ಇರುವೆ, ಹಲ್ಲಿ, ಊಜಿ ನೊಣ, ಬೀಡಿ ಸೇದುವ ಗಂಡಸರು, ಸೆಂಟು ಹೊಡೆದುಕೊಂಡು ಬರುವ ನೆಂಟರು, ಇವರೆಲ್ಲ ಎರಡನೆಯ ಗುಂಪಿನವರು. ನಾನು ಹುಟ್ಟುವ ದಿನ ಹುಳಗಳು ದೊಡ್ಡವಾಗಿ ಗಬಗಬ ಸೊಪ್ಪು ತಿನ್ನುತ್ತಿದ್ದವಂತೆ. ತಾನು ಹೋದರೆ ಸೊಪ್ಪು ಹಾಕುವವರಾರು ಎಂದು ಅವ್ವ ಕೊನೆಯ ಗಳಿಗೆಯವರೆಗೂ ಆಸ್ಪತ್ರೆಗೆ ಹೊರಟಿರಲಿಲ್ಲ ಎಂದು ಅಪ್ಪ ಈಗಲೂ ಹೇಳುತ್ತಾನೆ. ಹಾಗಾಗಿ ನನ್ನನ್ನು ಯಾವ ಗುಂಪಿಗೆ ಸೇರಿಸಿದ್ದಾಳೆ ಎಂದು ನಾನು ಕೇಳಲು ಹೋಗಿಲ್ಲ.

ನಮ್ಮದು ಕೂಟಗಲ್ ಹತ್ತಿರದ ಹಳ್ಳಿ. ಹಿಪ್ಪುನೇರಳೆ ತೋಟ, ತೋಟದ ಅಂಚಿಗೆ ಹುಳದ ಮನೆ, ಅದರ ಬೆನ್ನಿಗೇ ಬಂಡೆಯ ಗುಡ್ಡ. ಹುಳದ ಮನೆ ಎಂದರೆ ಹುಳ ಸಾಕಲೆಂದೇ ಕಟ್ಟಿಸಿದ ಉದ್ದನೆಯ ಕಟ್ಟಡ. ನಾವಿರುವ ಮನೆಗಿಂತ ಅದೇ ಲಕ್ಷಣವಾಗಿದೆ. ನಮ್ಮ ಮನೆ ಗೋಡೆ ಸುಣ್ಣ ಕಂಡು ಯಾವ ಕಾಲವಾಯಿತೋ, ಹುಳದ ಮನೆಗೆ ಮಾತ್ರ ಬೆಳೆ ಬೆಳೆಗೂ ಸುಣ್ಣ. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ಕೂಡಲೇ ಅವ್ವ ಸೆರಗು ಬಿಗಿದು ತಟ್ಟೆ, ಸ್ಟ್ಯಾಂಡು, ಗೋಡೆ, ನೆಲ ಎಲ್ಲ ಉಜ್ಜಿ ತೊಳೆದು, ಬ್ಲೀಚಿಂಗ್ ಪೌಡರ್ ಹೊಡೆದು ಬಾಗಿಲು ಹಾಕಿಬಿಡುತ್ತಾಳೆ. ಆಮೇಲೆ ಸರ್ಕಾರದ ಮೊಟ್ಟೆ ಕೇಂದ್ರದಿಂದ ಹಾಳೆಗೆ ಅಂಟಿದ ಹೊಸ ಮೊಟ್ಟೆ ಬರುವವರೆಗೂ ಒಳಗೆ ಯಾರಿಗೂ ಪ್ರವೇಶವಿಲ್ಲ. ಹಳೆಯ ಬೆಳೆಯ ಕಸ ಒಂದು ಚೂರು ಉಳಿದರೂ ಹೊಸ ಹುಳಕ್ಕೆ ರೋಗ ತಗಲುತ್ತದೆ. ನಮ್ಮ ಕಡೆ ಹುಳ ಸಾಕುವವರೆಲ್ಲ ಹೀಗೇ ಮಾಡುತ್ತಾರೆ. ಅವ್ವ ಮಾತ್ರ ಗೋಡೆಯ ಬಣ್ಣದ ಜೊತೆಗೆ ಗಾರೆಯೂ ಉದುರುವ ಹಾಗೆ ಮಾಡುತ್ತಾಳೆ.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ನಾನು ಕೊಳಕು ನೀರಿನ ಹಿಂದೆ ಬಿದ್ದೆ. ಪ್ರಾಣಿಶಾಸ್ತ್ರ ಓದಿ, ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿಕೊಂಡು ಪಿಎಚ್.ಡಿ.ಗೆ ಸೇರಿದೆ. ವಿಷಯ ನಮ್ಮ ಮನೆಯ ಹಿಂದಿನ ಗುಡ್ಡದ ಮೇಲೇ ಇತ್ತು. ಗುಡ್ಡದ ನೆತ್ತಿಯಲ್ಲಿ ಒಂದು ದೊಣೆಯಿದೆ, ಬಂಡೆಯಲ್ಲೇ ಆದ ತಗ್ಗು. ಮಳೆ ಬಂದರೆ ತುಂಬುತ್ತದೆ, ಮಳೆ ನಿಂತ ಮೇಲೆ ಒಣಗಿ ತಳದಲ್ಲಿ ಒಂದಿಷ್ಟು ಮಣ್ಣು ಉಳಿಯುತ್ತದೆ. ಆ ಮಣ್ಣಿನಲ್ಲಿ ಒಂದು ಬಗೆಯ ಸಣ್ಣ ಸೀಗಡಿಯ ಮೊಟ್ಟೆಗಳಿರುತ್ತವೆ. ಬೇಸಿಗೆಯಲ್ಲಿ ಬಂಡೆ ಕಾವಲಿಯ ಹಾಗೆ ಕಾದರೂ ಅವುಗಳಿಗೆ ಏನೂ ಆಗುವುದಿಲ್ಲ. ಮಳೆ ಬಿದ್ದು ನೀರು ನಿಂತರೆ ಒಡೆದು ಮರಿಗಳು ಬರುತ್ತವೆ. ಉಗುರಿನುದ್ದ ಬೆಳೆಯುವ, ಗಾಜಿನಂತೆ ಒಳಗಿನದೆಲ್ಲ ಕಾಣುವ, ಬಾಲದ ತುದಿ ಕೆಂಪಗಿರುವ ಪ್ರಾಣಿ. ಹುಟ್ಟಿದಂದಿನಿಂದ ಸಾಯುವವರೆಗೂ ಅಂಗಾತ ಮಲಗಿಕೊಂಡೇ ಈಜುತ್ತದೆ. ಮೊದಲ ಸಲ ಅವ್ವನನ್ನು ಕರೆದೊಯ್ದು ತೋರಿಸಿದಾಗ ಅವಳು ಬಗ್ಗಿ ನೋಡಿ, ಪಾಪ, ಏನೋ ರೋಗ ಬಂದಿದೆ, ನಾಳೆಗೆ ಉಳಿಯಲ್ಲ ಎಂದು ಹೇಳಿ ಇಳಿದು ಹೋದಳು.

ಅವಳ ಬಾಯಿಗೆ ಏನೆನ್ನಬೇಕೋ, ನಿಜಕ್ಕೂ ಅವು ಉಳಿಯುವ ಹಾಗೆ ಕಾಣುತ್ತಿರಲಿಲ್ಲ. ಹಾರೋಹಳ್ಳಿ ಕಡೆಯ ದೊಣೆಯನ್ನು ಸೈಟು ಮಾಡುವವರು ಬಂಡೆ ಸಮೇತ ಸಪಾಟು ಮಾಡಿದ್ದರು. ಕುದೂರಿನ ಆಚೆಯದರಲ್ಲಿ ಗುಡ್ಡ ಹತ್ತಲು ಬಂದ ಪಟ್ಟಣದವರು ಸೋಪು ಹಚ್ಚಿಕೊಂಡು ಸ್ನಾನ ಮಾಡುತ್ತಿದ್ದರು. ಕನಕಪುರದ ಕಡೆಯದರಲ್ಲಿ ಯಾವನೋ ಪುಣ್ಯಾತ್ಮ ಮೀನು ಬಿಟ್ಟಿದ್ದ, ಮೀನು ಸೀಗಡಿಯನ್ನೆಲ್ಲ ತಿಂದು ತೇಗಿದ್ದವು. ನಾನು ಹುಡುಕಿದ ಕಡೆಗಳಲ್ಲಿ ಉಳಿದಿದ್ದದ್ದು ನಮ್ಮ ದೊಣೆ ಒಂದೇ. ಸತ್ತ ಸೀಗಡಿಗಳನ್ನು ಬಾಟಲಿಯಲ್ಲಿ ಹಾಕಿ ನನ್ನ ಗೈಡ್ ಮೇಷ್ಟ್ರಿಗೆ ತೋರಿಸಿದ್ದೆ. ಅವರು ಕನ್ನಡಕ ಹಣೆಗೇರಿಸಿ ನೋಡಿ, ಸತ್ತದ್ದನ್ನು ಇಟ್ಟುಕೊಂಡು ಏನು ಬರೆಯುತ್ತೀಯಮ್ಮ, ಈ ಮಳೆಗಾಲ ಆ ಜಾಗದಲ್ಲಿ ಜೀವಂತ ಇರುವುದನ್ನು ನನ್ನ ಕಣ್ಣಿಗೆ ತೋರಿಸು, ಇಲ್ಲದಿದ್ದರೆ ವಿಷಯ ಬದಲಾಯಿಸಿ ಸೊಳ್ಳೆಮರಿಯ ಮೇಲೆ ಮಾಡು ಎಂದರು. ಸೊಳ್ಳೆಮರಿಗೆ ಬರವಿಲ್ಲ ಎಂಬುದು ಅವರ ವಾದ. ವರ್ಷಗಟ್ಟಲೆ ಗುಡ್ಡ ಸುತ್ತಿ ಮೈ ಕಪ್ಪಾದ ಮೇಲೆ ಮತ್ತೆ ಒಂದರಿಂದ ಶುರು ಮಾಡಬೇಕು ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನನಗಂತೂ ಅದು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಗೈಡ್ ಮುಂದೆ ಮೂಗು ಮುಚ್ಚಿಕೊಂಡಿರಬೇಕು. ಆಗಲಿ ಸಾರ್ ಎಂದು ಬಂದೆ.

ಬೇಸಿಗೆಯ ಕೊನೆಯಲ್ಲಿ ಚನ್ನಪಟ್ಟಣದಿಂದ ಅವ್ವನಿಗೆ ಫೋನ್ ಮಾಡಿ, ಒಂದು ಒಳ್ಳೆಯ ಮಳೆ ಬಿದ್ದರೆ ಸಾಕು, ದೊಣೆಯಲ್ಲಿ ಮೊಟ್ಟೆ ಒಡೆಯುತ್ತವೆ, ನಮ್ಮ ಮೇಷ್ಟ್ರು ನೋಡಲು ಬರುತ್ತಾರೆ, ಈ ಸಲ ಹುಳ ಬರಲಿಲ್ಲ ಎಂದರೆ ನನ್ನ ಓದು ಮುಗಿದ ಹಾಗೆ ಎಂದು ಹೇಳಿದೆ. ಮೊಟ್ಟೆಗಳು ಮಣ್ಣಿನಲ್ಲೇ ಇರುತ್ತವೆ ಎಂದು ಅದಕ್ಕೂ ಮೊದಲು ನೂರು ಸಲ ಹೇಳಿದ್ದೆ. ಅವ್ವನ ಕಿವಿಗೆ ಬಿದ್ದದ್ದು ಮಾತ್ರ ಮೂರು: ಮೊಟ್ಟೆ, ಹುಳ, ಮಗಳ ಓದು ಮುಗಿಯುತ್ತದೆ. ಅಲ್ಲಿಯವರೆಗೆ ನನ್ನ ಸೀಗಡಿಯನ್ನು ಕ್ಯಾರೇ ಅನ್ನದವಳು ಅವತ್ತು ಫೋನಿನಲ್ಲಿ ಬಹಳ ಗಂಭೀರವಾಗಿ, ನೀನು ಯೋಚನೆ ಮಾಡಬೇಡ, ನಾನಿದ್ದೇನೆ ಎಂದಳು. ಹೆತ್ತ ಕರುಳು ಎಂದುಕೊಂಡು ಸಮಾಧಾನದಿಂದ ನಿದ್ದೆ ಮಾಡಿದೆ.

ಆ ಶನಿವಾರ ಊರಿಗೆ ಬಂದು ಬ್ಯಾಗು ಇಳಿಸಿ ಗುಡ್ಡ ಹತ್ತಿದೆ. ದೊಣೆ ಕಂಡಾಗ ನನಗೆ ಮೊದಲು ದಾರಿ ತಪ್ಪಿದೆನೇನೋ ಅನ್ನಿಸಿತು. ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿದ ತಂಬಿಗೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಒಂದು ಹಿಡಿ ಮಣ್ಣಿಲ್ಲ, ಒಂದು ತರಗೆಲೆಯಿಲ್ಲ. ತಳದಲ್ಲಿ ಬ್ಲೀಚಿಂಗ್ ಪೌಡರಿನ ಬಿಳಿ ಪುಡಿ. ಸುತ್ತ ಇರುವೆ ಬಾರದಿರಲೆಂದು ಸುಣ್ಣದ ಗೆರೆ, ಅದೂ ಸೊಟ್ಟಗಾಗದಂತೆ ನೀಟಾಗಿ ಎಳೆದದ್ದು. ಹತ್ತಿರ ಬಗ್ಗಿದರೆ ಕಣ್ಣು ಉರಿಯುವ ಘಾಟು. ಅಲ್ಲೇ ತಲೆಯ ಮೇಲೆ ಕೈ ಹೊತ್ತು ಕುಳಿತೆ. ಅವ್ವ ನನ್ನ ಹಿಂದೆಯೇ ಹತ್ತಿ ಬಂದಿದ್ದಳು. ಸೊಂಟಕ್ಕೆ ಕೈ ಕೊಟ್ಟು, ಹೊಗಳಲಿ ಎಂದು ಕಾಯುವ ಮುಖ ಮಾಡಿಕೊಂಡು ನಿಂತಿದ್ದಳು.

"ಮಣ್ಣೆಲ್ಲವ್ವಾ?" ಎಂದೆ.

"ಹಳೇ ಬೆಳೆ ಕಸ ಹಂಗೇ ಬುಟ್ಟು ಯಾರಾದ್ರೂ ಹೊಸ ಮೊಟ್ಟೆ ಇಕ್ತಾರಾ ಮಗಾ? ನೀನು ಮೊಟ್ಟೆ ತತ್ತೀಯಾ ಅಂತ ಕ್ಲೀನಾಗಿ ಮಾಡಿ ಮಡಗಿವ್ನಿ."

ನಾನು ಆಗ ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಗುಡ್ಡದ ಕೆಳಗೆ ಕುರಿ ಮೇಯಿಸುತ್ತಿದ್ದ ದೊಡ್ಡಪ್ಪನಿಗೆ ಕೇಳಿಸಿ, ಯಾರಿಗೋ ಹಾವು ಕಡಿಯಿತೆಂದು ಅವನು ಅರ್ಧ ಗುಡ್ಡ ಓಡಿ ಬಂದಿದ್ದ. ಅವ್ವನಿಗೆ ನನ್ನ ಸಿಟ್ಟಿನ ತಲೆಬುಡ ಅರ್ಥವಾಗಲಿಲ್ಲ. ಬಿಸಿಲಲ್ಲಿ ಬಿಂದಿಗೆ ಬಿಂದಿಗೆ ನೀರು ಹೊತ್ತು ತಂದು ತೊಳೆದಿದ್ದಾಳೆ, ಹುಳದ ಮನೆಗೆಂದು ತಂದಿದ್ದ ಬ್ಲೀಚಿಂಗ್ ಚೀಲವನ್ನು ಪೂರ್ತಿ ಸುರಿದಿದ್ದಾಳೆ, ಮಗಳು ನೋಡಿದರೆ ಬಾಯಿಗೆ ಬಂದಂತೆ ಬಯ್ಯುತ್ತಾಳೆ. ಮುಖ ಊದಿಸಿಕೊಂಡು ನಿಂತಳು. ಮೊಟ್ಟೆ ಆ ಮಣ್ಣಿನಲ್ಲೇ ಇದ್ದವು ಎಂದು ನಾನು ನೂರಾ ಒಂದನೇ ಸಲ ಹೇಳಿದಾಗ, ಮೊಟ್ಟೆಯನ್ನು ಮಣ್ಣಿನಲ್ಲಿ ಇಡುತ್ತಾರೆಯೇ, ಅವುಗಳ ತಾಯಿಗೆ ಬುದ್ಧಿ ಬೇಡವೇ ಎಂದು ಸೀಗಡಿಯ ಮೇಲೇ ಹರಿಹಾಯ್ದಳು. ಕೊನೆಗೆ ಮಣ್ಣು ಹೋದ ಜಾಗ ಹೇಳಿದಳು. ಹಳೆಯ ಬೆಳೆಯ ಕಸ ಎಲ್ಲಿಗೆ ಹೋಗುತ್ತದೋ ಅಲ್ಲಿಗೇ, ಅಂದರೆ ತಿಪ್ಪೆಗೆ ಹೋಗಿತ್ತು.

ನಮ್ಮ ತಿಪ್ಪೆ ಸಣ್ಣದಲ್ಲ. ಸಗಣಿ, ಹುಳದ ಹಿಕ್ಕೆ, ತಿಂದು ಬಿಟ್ಟ ಸೊಪ್ಪಿನ ಕಡ್ಡಿ, ಒಲೆಯ ಬೂದಿ, ಎಲ್ಲ ಸೇರಿ ಒಂದು ಮರಿ ಗುಡ್ಡವೇ ಆಗಿತ್ತು. ದೊಣೆಯ ಮಣ್ಣು ಅದರ ಒಂದು ಪಕ್ಕಕ್ಕೆ ಬಿದ್ದು ಜಾರಿತ್ತು, ಮೇಲೆ ಕೋಳಿಗಳು ಕೆದಕಿ ಕಲಸಿದ್ದವು. ನಾನು ಮತ್ತು ಅಪ್ಪ ಮೊರ, ಜರಡಿ, ಬಾಣಲೆ ಹಿಡಿದು ಕುಳಿತೆವು. ಬೂದುಬಣ್ಣದ ನುಣುಪು ಮಣ್ಣು ಕಂಡಲ್ಲೆಲ್ಲ ಬಗೆದು ತೆಗೆದೆವು. ದಾರಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಓದಿದ ಹುಡುಗಿ ತಿಪ್ಪೆ ಜರಡಿ ಹಿಡಿಯುತ್ತಿದ್ದಾಳೆ ಎಂದರೆ ಬಂಗಾರದ ಸರ ಕಳೆದಿರಬೇಕು ಎಂದು ಅವರೇ ತೀರ್ಮಾನ ಮಾಡಿಕೊಂಡರು. ಅಪ್ಪ ಸುಳ್ಳು ಹೇಳುವವನಲ್ಲ, ಮೊಟ್ಟೆ ಹುಡುಕುತ್ತಿದ್ದೇವೆ ಎಂದ. ಅದು ಬಂಗಾರವನ್ನು ಮುಚ್ಚಿಡಲು ಹೇಳಿದ ಮಾತು ಎಂದು ಎಲ್ಲರಿಗೂ ಖಾತ್ರಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಬೀದಿಯ ಅತ್ತೆಯೊಬ್ಬರು ತಮ್ಮದೇ ಜರಡಿ ತಂದು, ಕರೆಯದಿದ್ದರೂ ನಮ್ಮ ಜೊತೆ ಕುಳಿತರು. ಪುಣ್ಯಾತ್ಗಿತ್ತಿ ನನಗಿಂತ ಚೆನ್ನಾಗಿ ಜರಡಿ ಹಿಡಿದರು. ಸಂಜೆ ಬರಿಗೈಯಲ್ಲಿ ಎದ್ದು ಹೋಗುವಾಗ, ಸಿಕ್ಕಿದ ಮೇಲೂ ಸಿಕ್ಕಿಲ್ಲ ಅನ್ನುವ ಜನ ಎಂದು ಗೊಣಗಿಕೊಂಡರು.

ಸಿಕ್ಕಿದ ಮಣ್ಣಿನಲ್ಲಿ ಅರ್ಧ ಸಗಣಿಯೇ ಇತ್ತು. ಹುಳದ ಮನೆಯ ಬಾಗಿಲಲ್ಲಿ ಒಂದು ಅಗಲವಾದ ಪ್ಲಾಸ್ಟಿಕ್ ಟಬ್ಬಿದೆ, ಹುಳ ಇರುವಾಗ ಒಳಗೆ ಹೋಗುವವರೆಲ್ಲ ಅದರಲ್ಲಿನ ಬ್ಲೀಚಿಂಗ್ ನೀರಿಗೆ ಕಾಲದ್ದಿಯೇ ಹೋಗಬೇಕು. ಬೆಳೆ ಮುಗಿದು ಅದು ಖಾಲಿಯಾಗಿತ್ತು. ಅದನ್ನು ಚೆನ್ನಾಗಿ ತೊಳೆದು ಮಣ್ಣು ನೆನೆಹಾಕಿ, ತೇಲಿದ ಕಸ ಬಗ್ಗಿಸಿ, ತಳದ ಕೆಸರನ್ನು ಗೋಣಿಯ ಮೇಲೆ ಹರಡಿ ಒಣಗಿಸಿದೆವು. ಇತ್ತ ದೊಣೆಯ ಬ್ಲೀಚಿಂಗ್ ಹೋಗಲೆಂದು ಅವ್ವ ಮತ್ತೆ ಬಿಂದಿಗೆ ಹೊತ್ತು ಗುಡ್ಡ ಹತ್ತಿ ಇಳಿದಳು. ಬಾಯಿ ಬಿಟ್ಟು ತಪ್ಪಾಯಿತು ಎನ್ನುವ ಹೆಂಗಸಲ್ಲ ಅವಳು. ಆದರೆ ಸಾಕು ಬಿಡವ್ವ ಎಂದರೂ ಬಿಡಲಿಲ್ಲ, ಕೊನೆಗೆ ಅಪ್ಪ ಬಿಂದಿಗೆ ಕಿತ್ತುಕೊಳ್ಳಬೇಕಾಯಿತು. ಒಣಗಿದ ಮಣ್ಣನ್ನು ದೊಣೆಗೆ ಹರಡಿ ಬಂದೆವು. ಎರಡೇ ದಿನಕ್ಕೆ ಮಳೆ ಗುಡುಗು ಸಮೇತ ಬಂತು.

ಮಳೆಯಾಗಿ ಒಂದು ವಾರದ ಮೇಲೆ ಗೈಡ್ ಮೇಷ್ಟ್ರು ಬಂದರು. ಇಸ್ತ್ರಿ ಪ್ಯಾಂಟು, ಪಾಲಿಶ್ ಮಾಡಿದ ಬೂಟು, ಕೈಯಲ್ಲಿ ಉದ್ದ ಕೊಡೆ. ಗುಡ್ಡ ಹತ್ತುವಷ್ಟರಲ್ಲಿ ಏದುಸಿರು ಬಿಟ್ಟರೂ ಉತ್ಸಾಹದಿಂದಲೇ ದೊಣೆಗೆ ಬಗ್ಗಿದರು. ನೀರು ತುಂಬಿತ್ತು. ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಒಂದು ಕಪ್ಪೆ ಇತ್ತು. ಬ್ಲೀಚಿಂಗಿನ ಘಾಟು ಇನ್ನೂ ಪೂರ್ತಿ ಹೋಗಿರಲಿಲ್ಲ. ನಾನು ಬಲೆ ಹಾಕಿ ಜಾಲಾಡಿದೆ, ಲೋಟದಲ್ಲಿ ಎತ್ತಿ ಎತ್ತಿ ನೋಡಿದೆ, ಮೊಣಕಾಲಿನವರೆಗೆ ಇಳಿದು ಹುಡುಕಿದೆ. ಒಂದೇ ಒಂದು ಸೀಗಡಿ ಇಲ್ಲ. ಮೇಷ್ಟ್ರು ಬಯ್ಯಲಿಲ್ಲ, ಬಯ್ದಿದ್ದರೆ ವಾಸಿಯಿತ್ತು. ಮೆತ್ತಗೆ, ಸೊಳ್ಳೆಮರಿ ಚೆನ್ನಾಗಿವೆಯಲ್ಲಮ್ಮ, ಇವೂ ಒಳ್ಳೆಯ ವಿಷಯವೇ ಎಂದರು. ಹಿಂದೆ ನಿಂತಿದ್ದ ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಆಗ ಅವಳ ಮೇಲೆ ಸಿಟ್ಟು ಮಾಡಲೂ ನನಗೆ ತ್ರಾಣವಿರಲಿಲ್ಲ, ಅಳು ಬರುತ್ತಿತ್ತು.

ಇಳಿದು ಬರುವಾಗ ತುಂತುರು ಹಿಡಿಯಿತು. ಹತ್ತಿರ ಸಿಕ್ಕುವುದು ಹುಳದ ಮನೆ. ಅದನ್ನು ತೊಳೆದು ಬಾಗಿಲು ಹಾಕಿ, ಮೊಟ್ಟೆ ಹಾಳೆಗಾಗಿ ಕಾಯುತ್ತಿದ್ದ ಸಮಯ. ಮೇಷ್ಟ್ರು ಸೀದಾ ಬಾಗಿಲಿಗೆ ಹೋದರು. ಅವ್ವನಿಗೆ ಎಷ್ಟೇ ದುಃಖವಿದ್ದರೂ ಪದ್ಧತಿ ಪದ್ಧತಿಯೇ. ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತು, ಮೇಷ್ಟ್ರು, ಅದರಲ್ಲೂ ಮಳೆ ಎಂದು ಬಿಡುತ್ತೇನೆ, ಆದರೆ ಬೂಟು ಬಿಚ್ಚಿ ಟಬ್ಬಿನಲ್ಲಿ ಕಾಲದ್ದಿ ಬರಬೇಕು ಎಂದಳು. ಬ್ಲೀಚಿಂಗ್ ಖಾಲಿಯಾಗಿದೆ, ಬರೀ ಮಳೆನೀರಾದರೂ ಸರಿ, ಸುಮ್ಮನೆ ಒಳಗೆ ಬಿಡುವ ಹಾಗಿಲ್ಲ ಎಂದಳು. ನಾನು ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಪಾಪ, ಮೇಷ್ಟ್ರು ಮಳೆಯಲ್ಲೇ ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಲೇಸು ಬಿಚ್ಚಿ, ಕಾಲುಚೀಲ ಮಡಿಸಿ ಜೇಬಿಗಿಟ್ಟು, ಪ್ಯಾಂಟು ಮಡಚಿ ಬಲಗಾಲನ್ನು ಟಬ್ಬಿಗೆ ಇಟ್ಟರು. ಇಟ್ಟವರು ಹಾಗೇ ನಿಂತರು.

"ಏನೋ ಕಚಗುಳಿ ಇಡ್ತಿದೆಯಲ್ಲಮ್ಮ," ಎಂದರು.

ನಾನು ಬಗ್ಗಿ ನೋಡಿದೆ. ತಿಪ್ಪೆಯ ಮಣ್ಣು ನೆನೆಸಿ ಬಗ್ಗಿಸಿದ ಮೇಲೆ ಟಬ್ಬಿನ ತಳಕ್ಕೆ ಅಂಟಿದ ಕೆಸರನ್ನು ಯಾರೂ ತೊಳೆದಿರಲಿಲ್ಲ. ವಾರದ ಹಿಂದಿನ ಮಳೆಗೆ ಅದರ ಮೇಲೆ ಸೂರಿನ ನೀರು ಬಿದ್ದು ತುಂಬಿತ್ತು. ಮೇಷ್ಟ್ರ ಬೆಳ್ಳನೆಯ ಪಾದದ ಸುತ್ತ, ಬೆರಳ ಸಂದಿಯಲ್ಲಿ, ಗಾಜಿನ ಚೂರಿನಂಥ ಪುಟ್ಟ ಪುಟ್ಟ ಸೀಗಡಿಗಳು ಅಂಗಾತ ಮಲಗಿ ಕಾಲುಗಳನ್ನು ಪಟಪಟ ಬಡಿಯುತ್ತ ಈಜುತ್ತಿದ್ದವು. "ಅಲ್ಲಾಡಬೇಡಿ ಸಾರ್," ಎಂದು, ಅವರು ನನ್ನ ಗೈಡ್ ಎಂಬುದನ್ನೂ ಮರೆತು ಗದರಿಸಿಬಿಟ್ಟೆ. ಅವರು ಅಲ್ಲಾಡಲಿಲ್ಲ. ಒಂದು ಕಾಲು ಟಬ್ಬಿನಲ್ಲಿ, ಇನ್ನೊಂದು ಬೂಟಿನಲ್ಲಿ, ಕನ್ನಡಕದ ಮೇಲೆ ಮಳೆಹನಿ. ಅವ್ವ ಅವರ ಕೈಯಿಂದ ಕೊಡೆ ತೆಗೆದುಕೊಂಡು ಹಿಡಿದಳು, ಟಬ್ಬಿಗೆ ನೆರಳಾಗಲಿ ಎಂದು, ಅವರಿಗಲ್ಲ. ನಾನು ಲೋಟದಲ್ಲಿ ಅವರ ಬೆರಳ ಸಂದಿಯಿಂದ ಒಂದೊಂದೇ ಸೀಗಡಿಯನ್ನು ಬಿಡಿಸಿದೆ. ಅಷ್ಟು ಹೊತ್ತೂ ಅವರು ಹೆಬ್ಬೆರಳು ಕೂಡ ಕದಲಿಸದೆ, ಕಚಗುಳಿಗೆ ನಗು ತಡೆಯಲಾರದೆ, ಹಿ ಹಿ ಎಂದು ನಗುತ್ತಲೇ ಇದ್ದರು. ಆಮೇಲೆ ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಇವೇ ಕಣಮ್ಮ, ಇವೇ ಎಂದರು. ನಾನು ಗೋಡೆಗೆ ಒರಗಿ ಗಳಗಳ ಅತ್ತುಬಿಟ್ಟೆ.

ಪಿಎಚ್.ಡಿ. ಉಳಿಯಿತು. ಪ್ರಾಣಿ ಸಿಕ್ಕಿದ ಜಾಗ ಎಂಬಲ್ಲಿ ಏನು ಬರೆಯಬೇಕು ಎಂಬುದರ ಮೇಲೆ ನನಗೂ ಮೇಷ್ಟ್ರಿಗೂ ದೊಡ್ಡ ಚರ್ಚೆಯೇ ಆಯಿತು. ಟಬ್ಬು ಎಂದು ಬರೆಯಬಹುದು, ನನ್ನ ಕಾಲು ಎಂದು ಬರೆಯಬೇಡ ಎಂದು ಅವರು ಕೇಳಿಕೊಂಡರು. ಆದರೆ ಸೀಗಡಿಗಳು ಟಬ್ಬಿನಲ್ಲಿ ಸಂಸಾರ ಮಾಡಿಕೊಂಡಿರಲು ಆಗುತ್ತದೆಯೇ? ಅವು ದೊಣೆಗೆ ಹೋಗಿ, ಮೊಟ್ಟೆಯಿಟ್ಟು, ಆ ಮೊಟ್ಟೆ ಅಲ್ಲಿನ ಮಣ್ಣಿಗೆ ಸೇರಿದರೆ ಮಾತ್ರ ಮುಂದಿನ ವರ್ಷ ಅವು ಈ ಭೂಮಿಯ ಮೇಲೆ ಇರುತ್ತವೆ. ಇದನ್ನು ಈ ಸಲ ಅವ್ವ ಕಿವಿಗೊಟ್ಟು ಕೇಳಿದಳು. ಮುಂದಿನ ಮಳೆಗಳಿಗೆ ದೊಣೆ ತುಂಬಿ ಹರಿದು ಘಾಟೆಲ್ಲ ಕೊಚ್ಚಿ ಹೋದ ಮೇಲೆ ಟಬ್ಬನ್ನು ಗುಡ್ಡಕ್ಕೆ ಹೊತ್ತೊಯ್ದೆವು. ಅಪ್ಪ ಒಂದು ಕಡೆ, ನಾನು ಒಂದು ಕಡೆ, ಮುಂದೆ ಅವ್ವ ದಾರಿಯ ಕಲ್ಲು ಸರಿಸುತ್ತ, ಹುಷಾರು ಹುಷಾರು ಎಂದು ಕಿವಿ ತೂತಾಗುವಂತೆ ಹೇಳುತ್ತ. ಬೀಡಿ ಹಚ್ಚಿಕೊಂಡು ಎದುರಿಗೆ ಬಂದ ದೊಡ್ಡಪ್ಪನನ್ನು ಅವಳು ಅರ್ಧ ಫರ್ಲಾಂಗು ದೂರದಿಂದಲೇ ಓಡಿಸಿದಳು. ನೀರಲ್ಲಿ ಇರುವುದಕ್ಕೆ ಬೀಡಿಯ ಹೊಗೆ ಏನು ಮಾಡುತ್ತದೆ ಎಂದು ನಾನು ಕೇಳಲಿಲ್ಲ.

ಆಮೇಲೆ ಅವಳೇ ದಿನಾ ಗುಡ್ಡ ಹತ್ತಿ ನೋಡಿ ಬಂದು ಫೋನಿನಲ್ಲಿ ವರದಿ ಒಪ್ಪಿಸತೊಡಗಿದಳು. ಇವತ್ತು ಚುರುಕಾಗಿವೆ, ಇವತ್ತು ಬಿಸಿಲಿಗೆ ಕಲ್ಲಿನ ಸಂದಿ ಸೇರಿವೆ, ಹೆಣ್ಣಿನ ಹೊಟ್ಟೆಯ ಹತ್ತಿರ ಚೀಲ ಕಾಣುತ್ತಿದೆ, ಬಸುರಿಯೇ ಇರಬೇಕು. ಗೂಡು ಕಟ್ಟುವುದು ಯಾವಾಗ ಎಂದು ಒಮ್ಮೆ ಕೇಳಿದಳು. ಕಟ್ಟುವುದಿಲ್ಲ ಎಂದೆ. ತಿನ್ನಲು ಬರುತ್ತವೆಯೇ ಎಂದಳು. ಇಲ್ಲ ಎಂದೆ. ಹೋಗಲಿ ಬಿಡು, ನೋಡೋಕೆ ಲಕ್ಷಣವಾಗಿವೆ ಎಂದು ಫೋನಿಟ್ಟಳು.

ಮಳೆ ನಿಂತು ಬಿಸಿಲು ಬಲಿಯಿತು. ಒಂದು ದಿನ ಬೆಳಿಗ್ಗೆ ಪಾಠಕ್ಕೆ ಹೊರಟಿದ್ದಾಗ ಅವ್ವನ ಫೋನು. ಬಿಕ್ಕುತ್ತಿದ್ದಳು.

"ಬೆಳೆ ಹೋಯ್ತು ಕಣವ್ವ. ಒಂದೂ ಉಳೀನಿಲ್ಲ."

ರಜೆ ಹಾಕಿ ಬಸ್ಸು ಹಿಡಿದು ಬಂದೆ. ಗುಡ್ಡದ ಮೇಲೆ ಅವಳು ದೊಣೆಯ ಪಕ್ಕ ಕುಳಿತಿದ್ದಳು. ನೀರು ಇಂಗಿ ಹೋಗಿತ್ತು. ತಳದಲ್ಲಿ ಮಣ್ಣು ಬಿರುಕು ಬಿಟ್ಟಿತ್ತು, ಒಣಗಿದ ಸೀಗಡಿಯ ಸಿಪ್ಪೆಗಳು ಅಲ್ಲಲ್ಲಿ ಅಂಟಿಕೊಂಡಿದ್ದವು. ಅವು ಇಷ್ಟೇ ಬದುಕುವುದು, ಇದು ರೋಗವಲ್ಲ, ಬೆಳೆ ಕೈಗೆ ಬಂದಿದೆ ಎಂದು ಹೇಳಿ, ಒಂದು ಚಿಟಿಕೆ ಮಣ್ಣು ತೆಗೆದು ಅವಳ ಅಂಗೈಯಲ್ಲಿಟ್ಟೆ. ಇದರ ತುಂಬ ಮೊಟ್ಟೆಗಳಿವೆ ಎಂದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು, ಏನೂ ಕಾಣಲಿಲ್ಲ. ಎಲ್ಲಿಯವರೆಗೆ ಹೀಗೆ ಇರುತ್ತವೆ ಎಂದು ಕೇಳಿದಳು. ಮುಂದಿನ ಮಳೆಯವರೆಗೆ. ಮುಂದಿನ ವರ್ಷ ಮಳೆ ಬಾರದಿದ್ದರೆ? ಅದರ ಮುಂದಿನ ವರ್ಷದವರೆಗೆ ಕಾಯುತ್ತವೆ. ಆಗಲೂ ಬಾರದಿದ್ದರೆ? ಆಗಲೂ ಕಾಯುತ್ತವೆ ಅವ್ವ. ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ಸೊರಗುವ ಹುಳಗಳನ್ನೇ ಜೀವಮಾನವೆಲ್ಲ ಸಾಕಿದವಳು ಅವಳು. ಅಂಗೈ ನೋಡುತ್ತ ಬಹಳ ಹೊತ್ತು ಕುಳಿತಳು.

ಆಮೇಲೆ ಮಣ್ಣನ್ನು ದೊಣೆಗೇ ಮೆಲ್ಲಗೆ ಉದುರಿಸಿದಳು. ಅಂಗೈಯ ಗೆರೆಗಳಲ್ಲಿ ಒಂದಿಷ್ಟು ಹುಡಿ ಉಳಿಯಿತು. ನಾನು ಬಾಟಲಿಯ ಮುಚ್ಚಳ ತೆಗೆದು, ಕೈ ನೀಡು, ತೊಳೆಯುತ್ತೇನೆ ಎಂದೆ. ಬೆಳಗಿನಿಂದ ಸಂಜೆಯವರೆಗೆ ಕೈ ತೊಳೆಯುವುದೇ ಕೆಲಸವಾಗಿದ್ದ ನಮ್ಮ ಅವ್ವ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಬ್ಯಾಡ ಮಗಾ. ಒಳಗೆ ಒಂದಾದ್ರೂ ಇದ್ರೆ?"

ಕೈಯನ್ನು ದೊಣೆಯ ಮೇಲೆ ಚಾಚಿ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಗೆರೆ ಗೆರೆಯನ್ನೂ ಉಜ್ಜಿ ಮಣ್ಣು ಉದುರಿಸತೊಡಗಿದಳು. ಬಿಸಿಲು ಏರುತ್ತಿತ್ತು. ನಾನು ಪಕ್ಕದಲ್ಲಿ ಕುಳಿತೆ. ಅವಳು ಉಗುರಿನ ಸಂದಿಯನ್ನೂ ಬಿಡಲಿಲ್ಲ.